ಕಪಡೋಕಿಯಾದ ಬಂಡೆ ಚರ್ಚುಗಳು: ಅಡಗುತಾಣಗಳೇ?

ಟರ್ಕಿಯ ಕಪಡೋಕಿಯಾದ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: "ರೋಮನ್ನರಿಗೆ ಹೆದರಿ ಕ್ರೈಸ್ತರು ಬಂಡೆಯೊಳಗೆ ಚರ್ಚು ಕೊರೆದುಕೊಂಡು ಅಡಗಿದ್ದರಂತೆ, ನಿಜವಾ?"

ಚರ್ಚುಗಳ ಮಟ್ಟಿಗೆ ನಿಜವಲ್ಲ. ಕ್ರೈಸ್ತ ಮತಕ್ಕೆ ರೋಮನ್ ಸಾಮ್ರಾಜ್ಯದ ಮಾನ್ಯತೆ ಸಿಕ್ಕಿದ್ದು 313ರಲ್ಲಿ. 370ರಲ್ಲಿ ಸಂತ ಬೇಸಿಲ್ ಕಪಡೋಕಿಯಾದಲ್ಲೇ ಇರುವ ಸಿಸೇರಿಯಾದ, ಅಂದರೆ ಇಂದಿನ ಕೈಸೇರಿಯ, ಬಿಷಪ್ ಆದರು. ರೋಗಿಗಳಿಗೆ, ಬಡವರಿಗೆ ಅಲ್ಲಿ ದೊಡ್ಡ ಆಶ್ರಯಧಾಮ ಕಟ್ಟಿಸಿದರು, ಎಲ್ಲರ ಕಣ್ಣೆದುರೇ. ಕಪಡೋಕಿಯಾದ ಗೊರೆಮೆ ಎಂಬ ಊರಿನ ಬಂಡೆ ಚರ್ಚುಗಳಲ್ಲಿ ಇಂದು ನಾವು ಬೆರಗಾಗಿ ನೋಡುವ ಚಿತ್ರಗಳಲ್ಲಿ ಹೆಚ್ಚಿನವು ಇನ್ನೂ ಐನೂರು ವರ್ಷ ಈಚಿನವು, 9ರಿಂದ 11ನೇ ಶತಮಾನದವು. ಆಗ ಆಳುತ್ತಿದ್ದವರೇ ಬೈಜಾಂಟೈನ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ, ಕ್ರೈಸ್ತರು.

ಗೊರೆಮೆ ಹತ್ತಿರದ ಚಾವುಶಿನ್‌ನಲ್ಲಿ ಒಂದು ಚರ್ಚಿದೆ. ಅದರ ಗೋಡೆಯ ಚಿತ್ರದಲ್ಲಿ ಬೈಜಾಂಟೈನ್ ಚಕ್ರವರ್ತಿ ಎರಡನೇ ನಿಕೆಫೊರೋಸ್ ಫೋಕಾಸ್ ಮತ್ತು ರಾಣಿ ಥಿಯೋಫಾನೋ ನಿಂತಿದ್ದಾರೆ. ಅವನು ಆಳಿದ್ದು 963ರಿಂದ 969ರವರೆಗೆ. ಅವನ ಮನೆತನವೇ ಕಪಡೋಕಿಯಾದ್ದು. ಅಡಗಿ ಕೂತವರು ಚಕ್ರವರ್ತಿಯ ಚಿತ್ರ ಬರೆಸುತ್ತಾರೆಯೇ? ಗೊರೆಮೆಯ ತೊಕಾಲಿ ಚರ್ಚಿನ ಹಿನ್ನೆಲೆಗೆ ಬಳಿದ ಕಡುನೀಲಿಯಂತೂ ಲಾಜವರ್ದ ಕಲ್ಲನ್ನು ಅರೆದು ಮಾಡಿದ ದುಬಾರಿ ಬಣ್ಣ. ಇದು ಹಣವಿದ್ದವರು ನೆಮ್ಮದಿಯಿಂದ ಮಾಡಿಸಿದ ಕೆಲಸ.

ಹಾಗಾದರೆ ಬಂಡೆಯನ್ನೇ ಏಕೆ ಕೊರೆದರು? ಅಲ್ಲಿನ ಕಲ್ಲು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು, ಉಳಿಗೆ ಸುಲಭವಾಗಿ ಬಗ್ಗುತ್ತದೆ. ಕಟ್ಟುವುದಕ್ಕಿಂತ ಕೊರೆಯುವುದೇ ಅಲ್ಲಿ ಸಹಜ. ಮನೆ, ಕೊಟ್ಟಿಗೆ, ಅಡುಗೆಮನೆ ಎಲ್ಲವನ್ನೂ ಹಾಗೇ ಮಾಡಿಕೊಂಡಿದ್ದರು. ಮಠದ ಊಟದ ಮೇಜು, ಕೂರುವ ಜಗಲಿ ಕೂಡ ಅದೇ ಬಂಡೆ. ನನಗೆ ತುಂಬ ಇಷ್ಟವಾಗುವುದು ಕಂಬಗಳು. ಕಟ್ಟಿದ ಚರ್ಚಿನಲ್ಲಿರುವ ಹಾಗೆಯೇ ಕಂಬ, ಕಮಾನು, ಗುಮ್ಮಟ ಎಲ್ಲವನ್ನೂ ಕಡೆದಿದ್ದಾರೆ, ಆದರೆ ಅವು ಭಾರ ಹೊರುವುದೇ ಇಲ್ಲ. ಕೆಲವು ಕಡೆ ಕಂಬ ಮುರಿದು ಬಿದ್ದಿದೆ, ಚಾವಣಿ ಅಲುಗದೆ ನಿಂತಿದೆ. ಚರ್ಚು ಎಂದರೆ ಹೀಗೇ ಕಾಣಬೇಕು ಎಂಬ ಅವರ ಹಟ ಅಲ್ಲಿ ಎದ್ದು ಕಾಣುತ್ತದೆ.

ಅಡಗಿದ್ದು ಸುಳ್ಳೇ ಎಂದರೆ, ಅದೂ ಅಲ್ಲ. ದೆರಿನ್‌ಕುಯು, ಕಾಯ್ಮಾಕ್ಲಿಯ ನೆಲದಡಿಯ ಊರುಗಳು ಆಪತ್ತಿಗೆಂದೇ ಇದ್ದವು. ಒಳಗಿನಿಂದ ಉರುಳಿಸಿ ಮುಚ್ಚುವ ದುಂಡು ಕಲ್ಲಿನ ಬಾಗಿಲುಗಳಿವೆ, ಗಾಳಿಗೆ ಆಳವಾದ ಬಾವಿಗಳಿವೆ. ಆದರೆ 7ನೇ ಶತಮಾನದ ನಂತರ ಜನ ಅಲ್ಲಿಗೆ ಇಳಿಯುತ್ತಿದ್ದದ್ದು ಅರಬ್ ದಾಳಿಗಳಿಗೆ ಹೆದರಿ. ಪ್ರವಾಸದ ಕಥೆಗಳಲ್ಲಿ ಈ ಭಯವೂ ಆ ಚರ್ಚುಗಳೂ ಒಂದಕ್ಕೊಂದು ಬೆರೆತುಹೋಗಿವೆ.

ಕಪಡೋಕಿಯಾದ ಗ್ರೀಕ್ ಕ್ರೈಸ್ತರು ಅಲ್ಲಿಂದ ಹೊರಟಿದ್ದು 1923ರ ಒಪ್ಪಂದದಂತೆ ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲುಬದಲು ಮಾಡಿಕೊಂಡಾಗ. ಅವರಲ್ಲಿ ಎಷ್ಟೋ ಜನರ ಮನೆಮಾತು ಟರ್ಕಿಶ್ ಆಗಿತ್ತು. ಅದನ್ನು ಗ್ರೀಕ್ ಲಿಪಿಯಲ್ಲಿ ಬರೆಯುತ್ತಿದ್ದರು. ಹೋಗುವವರಿದ್ದರೆ ಗೊರೆಮೆ ನೋಡಿ ವಾಪಸಾಗಬೇಡಿ. ಚಾವುಶಿನ್‌ಗೂ ಹೋಗಿ, ಚಕ್ರವರ್ತಿಯ ಚಿತ್ರ ಎಲ್ಲಿದೆ ಎಂದು ಕೇಳಿ ನೋಡಿ ಬನ್ನಿ.