ಓಎಸ್ ಕೋಡ್‌ಗೆ ಒಂದು ಜಾಗ ಅಂತ ಇರ್ಲಿ

ಕಂಪೈಲರ್ (ನಾವು ಬರೆದ ಕೋಡನ್ನ ಮಷೀನ್ ಓಡಿಸೋ ಕೋಡಾಗಿ ಬದಲಾಯಿಸೋ ಪ್ರೋಗ್ರಾಮ್) ಅಂದ್ರೆ ಎಲ್ರೂ ಕೋಡ್ ಓದಿ ಬಿಡಿಸೋ ಪಾರ್ಸರ್, ಅದನ್ನ ಚುರುಕು ಮಾಡೋ ಆಪ್ಟಿಮೈಸರ್ ಬಗ್ಗೇನೇ ಮಾತಾಡೋದು, ಆದ್ರೆ ಅದೂ ಒಂದು ಪ್ರೋಗ್ರಾಮೇ ತಾನೆ, ಫೈಲ್ ಓಪನ್ ಮಾಡ್ಬೇಕು, ತುಂಡು ತುಂಡು ಕೋಡನ್ನ ಜೋಡಿಸಿ ಒಂದು ಪ್ರೋಗ್ರಾಮ್ ಮಾಡೋ ಲಿಂಕರ್‌ನ ಓಡಿಸ್ಬೇಕು, ಮಧ್ಯದಲ್ಲಿ ಯಾರಾದ್ರೂ ಕಂಟ್ರೋಲ್-ಸಿ ಒತ್ತಿದ್ರೆ ಅರ್ಧ ಬರೆದಿರೋ ಆಬ್ಜೆಕ್ಟ್ ಫೈಲ್ (ಕಂಪೈಲರ್‌ನ ಔಟ್‌ಪುಟ್) ಅಳಿಸಿ ಹೋಗ್ಬೇಕು. ಇದೆಲ್ಲ ಲಿನಕ್ಸ್‌ನಲ್ಲಿ ಒಂಥರ, ವಿಂಡೋಸ್‌ನಲ್ಲಿ ಇನ್ನೊಂಥರ. ಶುರುನಲ್ಲಿ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಎಲ್ಲಿ ಬಿಲ್ಡ್ ಒಡೀತೋ ಅಲ್ಲೊಂದು ಇಫ್‌ಡೆಫ್ (ಈ ಓಎಸ್ ಆದ್ರೆ ಮಾತ್ರ ಈ ಸಾಲುಗಳನ್ನ ಕಂಪೈಲ್ ಮಾಡು ಅನ್ನೋ ಗುರುತು) ಹಾಕಿ ಮುಂದೆ ಹೋಗ್ತಾರೆ. ಸ್ವಲ್ಪ ವರ್ಷ ಆದ್ಮೇಲೆ ನೋಡಿದ್ರೆ ನಮ್ಮ ಬೆಂಗ್ಳೂರು ರೋಡಿನ ಕಥೆನೇ, ನೀರಿನ ಪೈಪ್‌ಗೆ ಒಬ್ರು ಅಗೆದಿರ್ತಾರೆ, ಕೇಬಲ್‌ಗೆ ಇನ್ನೊಬ್ರು, ಯಾವ ಗುಂಡಿ ಯಾರದ್ದು ಅಂತ ಯಾರಿಗೂ ಗೊತ್ತಿರಲ್ಲ.

ಎಲ್‌ಎಲ್‌ವಿಎಂ ಅನ್ನೋ ಓಪನ್ ಸೋರ್ಸ್ ಕಂಪೈಲರ್ ಪ್ರಾಜೆಕ್ಟ್‌ನೋರು ಇದನ್ನ ಜೋಡಿಸಿರೋ ರೀತಿ ನಂಗಿಷ್ಟ. ಮೊದ್ಲು ಇದಕ್ಕಂತಾನೇ ಲಿಬ್/ಸಿಸ್ಟಮ್ ಅಂತ ಫೋಲ್ಡರ್ ಇತ್ತು, 2010ರಲ್ಲಿ ಅದನ್ನ ಲಿಬ್/ಸಪೋರ್ಟ್ ಒಳಗೆ ಸೇರಿಸಿದ್ರು. ಅಲ್ಲಿ ಯೂನಿಕ್ಸ್ ಅಂತೊಂದು (ಲಿನಕ್ಸ್, ಮ್ಯಾಕ್ ಥರದ್ದಕ್ಕೆ), ವಿಂಡೋಸ್ ಅಂತೊಂದು ಫೋಲ್ಡರ್, ಎರಡರಲ್ಲೂ ಪಾತ್, ಪ್ರೋಸೆಸ್, ಸಿಗ್ನಲ್ಸ್, ಪ್ರೋಗ್ರಾಮ್ ಅಂತ ಅದೇ ಹೆಸರಿನ ಫೈಲ್‌ಗಳು. ಹೊರಗಡೆ ಇರೋ ಸಿಪಿಪಿ (ಸಿ++ ಕೋಡ್) ಫೈಲ್ ಯಾವ ಓಎಸ್ ಅಂತ ನೋಡ್ಕೊಂಡು ಸರಿಯಾಗಿರೋದನ್ನ ಇನ್‌ಕ್ಲೂಡ್ ಮಾಡ್ಕೊಳುತ್ತೆ. ಗೋ ಭಾಷೆಯಲ್ಲಿ ಇನ್ನೂ ಸಲೀಸು, ಫೈಲ್ ಹೆಸರಿನ ಕೊನೇಲಿ ಅಂಡರ್‌ಸ್ಕೋರ್ ವಿಂಡೋಸ್ ಅಂತಿದ್ರೆ ಸಾಕು, ಬಿಲ್ಡ್ ಟೂಲೇ ಅರ್ಥ ಮಾಡ್ಕೊಳುತ್ತೆ.

ಆದ್ರೆ ಬರೀ ಫೋಲ್ಡರ್ ಬೇರೆ ಮಾಡಿದ್ರೆ ಆಗ್ಲಿಲ್ಲ, ಒಳಗಿರೋ ಫಂಕ್ಷನ್ ಹೆಂಗಿರುತ್ತೆ ಅನ್ನೋದೇ ಮುಖ್ಯ. ಲಿಂಕರ್ ಓಡಿಸೋದನ್ನೇ ತಗೊಳ್ಳಿ. ಯೂನಿಕ್ಸ್‌ನಲ್ಲಿ ಫೋರ್ಕ್ (ಓಡ್ತಿರೋ ಪ್ರೋಗ್ರಾಮಿನ ನಕಲು ಮಾಡೋದು), ಆಮೇಲೆ ಎಕ್ಸೆಕ್ (ಆ ನಕಲಿನ ಜಾಗದಲ್ಲಿ ಹೊಸ ಪ್ರೋಗ್ರಾಮ್ ಕೂರಿಸೋದು), ಆರ್ಗ್ಯುಮೆಂಟ್ಸ್ ಒಂದೊಂದಾಗಿ ಅರೇನಲ್ಲಿ ಹೋಗುತ್ತೆ. ವಿಂಡೋಸ್‌ನಲ್ಲಿ ಕ್ರಿಯೇಟ್‌ಪ್ರೋಸೆಸ್‌ಗೆ ಇಡೀ ಕಮಾಂಡ್ ಲೈನ್ ಒಂದೇ ಉದ್ದ ಸ್ಟ್ರಿಂಗ್, 32,767 ಅಕ್ಷರ ದಾಟೋ ಹಾಗಿಲ್ಲ, ಪ್ರೋಗ್ರಾಮ್ ಫೈಲ್ಸ್ ಥರ ಸ್ಪೇಸ್ ಇರೋ ಪಾತ್ ಬಂದ್ರೆ ಕೋಟ್ ಹಾಕೋ ಕೆಲಸಾನೂ ನಮ್ದೇ, ಆ ಕೋಟ್ ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಕೂತಿದ್ರಂತೂ ಕೇಳ್ಲೇಬೇಡಿ. ಇಂಥ ಕಡೆ ಫೋರ್ಕ್ ಅನ್ನೋ ಹೆಸರಲ್ಲೇ ಫಂಕ್ಷನ್ ಕೊಟ್ಬಿಟ್ರೆ ವಿಂಡೋಸ್ ಕಡೆಯೋನು ಅಳಬೇಕಷ್ಟೆ. ಕಂಪೈಲರ್‌ಗೆ ಏನು ಬೇಕು? ಈ ಪ್ರೋಗ್ರಾಮ್ ಓಡಿಸು, ಮುಗಿಯೋವರ್ಗೂ ಕಾಯಿ, ರಿಸಲ್ಟ್ ಹೇಳು. ಅಷ್ಟೇ ಕೊಡಿ. ಲೈನ್ ತುಂಬಾ ಉದ್ದ ಆದ್ರೆ ಆರ್ಗ್ಯುಮೆಂಟ್ಸ್‌ನ ರೆಸ್ಪಾನ್ಸ್ ಫೈಲ್‌ಗೆ ಬರೆದು ಅದನ್ನ ಪಾಸ್ ಮಾಡ್ಬೇಕಾ ಅಂತ ಕೇಳೋಕೆ ಇನ್ನೊಂದು ಫಂಕ್ಷನ್ ಇರ್ಲಿ.

ಇದಕ್ಕಿಂತ ಡೇಂಜರ್ ಇನ್ನೊಂದಿದೆ. ಮೊನ್ನೆ ರಿವ್ಯೂನಲ್ಲಿ ನಮ್ಮ ಟೀಮಿನ ಹೊಸ ಹುಡುಗ ಸಿ ಭಾಷೆಯ ಲಾಂಗ್ ಅನ್ನೋ ಪೂರ್ಣಾಂಕ ಟೈಪ್‌ನ ಸೈಜ್ ತೀರ್ಮಾನ ಮಾಡೋಕೆ ವಿಂಡೋಸ್ ಇಫ್‌ಡೆಫ್ ಹಾಕಿದ್ದ.

‘ವಿಂಡೋಸ್‌ನಲ್ಲಿ 4 ಬೈಟ್, 64 ಬಿಟ್ ಲಿನಕ್ಸ್‌ನಲ್ಲಿ 8, ಸರಿ ಇದ್ಯಲ್ಲ ಸರ್?’

‘ನಂಬರ್ ಸರಿ ಇದೆ ಕಣಪ್ಪ. ಯಾವ ವಿಂಡೋಸು? ಕಂಪೈಲರ್ ಓಡ್ತಿರೋ ಮಷೀನಾ, ಅದು ಬರ್ಕೊಡೋ ಕೋಡ್ ಓಡೋ ಮಷೀನಾ?’

ಒಂದ್ನಿಮಿಷ ಸುಮ್ನಿದ್ದು ಆಮೇಲೆ ‘ಅಯ್ಯೋ’ ಅಂದ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಕೂತು ಲಿನಕ್ಸ್‌ಗೆ ಕ್ರಾಸ್ ಕಂಪೈಲ್ ಮಾಡಿದ್ರೆ ಲಾಂಗ್ ಇರೋ ಸ್ಟ್ರಕ್ಟ್‌ಗಳ (ಹಲವು ಡೇಟಾ ಸೇರಿಸಿಟ್ಟ ಗುಂಪು) ಲೇಔಟೆಲ್ಲ ತಪ್ಪು, ಬಿಲ್ಡ್‌ನಲ್ಲಿ ಒಂದೇ ಒಂದು ಎರರ್ ಬರಲ್ಲ, ಕಸ್ಟಮರ್ ಹತ್ರ ಹೋಗಿ ಕ್ರ್ಯಾಶ್ ಆಗುತ್ತೆ. ಹೋಸ್ಟ್ (ಕಂಪೈಲರ್ ಓಡೋ ಮಷೀನ್) ವಿಷ್ಯ ಸಪೋರ್ಟ್ ಫೋಲ್ಡರ್‌ಗೆ, ಟಾರ್ಗೆಟ್ (ಅದು ಬರ್ಕೊಟ್ಟ ಕೋಡ್ ಓಡೋ ಮಷೀನ್) ವಿಷ್ಯ ರನ್‌ಟೈಮ್‌ನಲ್ಲಿ ಟ್ರಿಪಲ್ (ಟಾರ್ಗೆಟ್‌ನ ಸಿಪಿಯು, ಓಎಸ್ ಯಾವುದು ಅಂತ ಹೇಳೋ ಹೆಸರು) ನೋಡಿ, ಎರಡೂ ಯಾವತ್ತೂ ಬೆರೀಬಾರ್ದು. ನಾನೀಗ ಸಪೋರ್ಟ್ ಹೊರಗಡೆ ಓಎಸ್ ಇಫ್‌ಡೆಫ್ ಕಂಡ್ರೆ ಏನು ಎತ್ತ ಅಂತ ಓದೋಕೂ ಹೋಗಲ್ಲ, ಪ್ಯಾಚ್ ವಾಪಸ್.

ಮ್ಯಾಕ್‌ಗೂ ಒಂದು ಬೇರೆ ಫೋಲ್ಡರ್ ಮಾಡೋಣ ಅಂತ ಟೀಮಲ್ಲಿ ಇನ್ನೂ ಜಗಳ ನಡೀತಿದೆ. ನಾನು ಬೇಡ ಅನ್ನೋ ಪಾರ್ಟಿ. ಮುಕ್ಕಾಲು ಪಾಲು ಪಾಸಿಕ್ಸೇ (ಯೂನಿಕ್ಸ್ ಥರದ ಓಎಸ್‌ಗಳಿಗೆಲ್ಲ ಒಂದೇ ಸ್ಟ್ಯಾಂಡರ್ಡ್) ಅಲ್ವಾ, ನಮ್ಮ ಬೈನರಿ ಎಲ್ಲಿ ಕೂತಿದೆ ಅಂತ ಹುಡುಕೋದು ಲಿನಕ್ಸ್‌ನಲ್ಲಿ ಪ್ರೋಕ್ ಅನ್ನೋ ವಿಶೇಷ ಫೋಲ್ಡರ್ ಮೂಲಕ, ಮ್ಯಾಕ್‌ನಲ್ಲಿ ಅವರದ್ದೇ ಬೇರೆ ಫಂಕ್ಷನ್, ಹೀಗೆ ಅಲ್ಲೊಂದು ಇಲ್ಲೊಂದು ವ್ಯತ್ಯಾಸಕ್ಕೆ ಯೂನಿಕ್ಸ್ ಫೋಲ್ಡರ್ ಒಳಗೇ ಇಫ್‌ಡೆಫ್ ಹಾಕ್ಕೊಳ್ಳಲಿ, ಅಲ್ಲಿ ನಂದೇನೂ ತಕರಾರಿಲ್ಲ.