ಬಗಾನ್‌ನಲ್ಲಿ ಒಂದು ದಿನ: ಬೆಳಗ್ಗೆ ಮಿಂಕಬಾ, ಸಂಜೆ ಐರಾವತಿ

ಬರ್ಮಾದ ಬಗಾನ್‌ಗೆ ಹೋದವರು ಸಾಮಾನ್ಯವಾಗಿ ಗುಡಿಗಳ ಪಟ್ಟಿ ಹಿಡಿದು ಓಡುತ್ತಾರೆ. ಅಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಗುಡಿ, ಸ್ತೂಪಗಳಿವೆ. ಎಲ್ಲ ನೋಡಿ ಮುಗಿಸುವುದು ಆಗದ ಮಾತು. ಕೈಯಲ್ಲಿ ಒಂದೇ ದಿನ ಇದ್ದರೆ ನನ್ನ ಸಲಹೆ ಇಷ್ಟೇ: ಬೆಳಗಿನ ಹೊತ್ತನ್ನು ಪೂರ್ತಿ ಮಿಂಕಬಾ ಹಳ್ಳಿಗೆ ಕೊಡಿ, ಸಂಜೆಯನ್ನು ಐರಾವತಿ ಹೊಳೆ ದಂಡೆಗೆ.

ಟಿಕೆಟ್ ಮಾಡಿಸುವ ಮೊದಲು ಒಂದು ಮಾತು. 2021ರ ಫೆಬ್ರುವರಿಯಲ್ಲಿ ಸೇನೆ ಅಧಿಕಾರ ಹಿಡಿದಾಗಿನಿಂದ ದೇಶದ ಹಲವು ಕಡೆ ಕಾಳಗ ನಡೆದಿದೆ. ಭಾರತ ಸರ್ಕಾರದ ಪ್ರಯಾಣ ಸೂಚನೆ ಓದಿ, ಆಮೇಲೆ ತೀರ್ಮಾನ ಮಾಡಿ. ಹೋಗುವುದೇ ಆದರೆ ದೂರದ ಬಸ್ ಪ್ರಯಾಣ ಬೇಡ. ಹತ್ತಿರದ ನ್ಯಾಂಗ್ ಊ ನಿಲ್ದಾಣಕ್ಕೆ ವಿಮಾನದಲ್ಲೇ ಹೋಗಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹವೆ ಹಿತವಾಗಿರುತ್ತದೆ. ಡಾಲರ್ ಒಯ್ಯುವುದಾದರೆ ಮಡಚದ, ಕಲೆಯಿಲ್ಲದ ನೋಟುಗಳೇ ಇರಲಿ. ಸುಕ್ಕಾದವನ್ನು ಅಲ್ಲಿ ತಗೊಳ್ಳುವುದಿಲ್ಲ.

ಮಿಂಕಬಾ ಹಳೆ ಬಗಾನ್‌ಗೂ ಹೊಸ ಬಗಾನ್‌ಗೂ ನಡುವೆ ಇದೆ. ಬಾಡಿಗೆಗೆ ಸಿಗುವ ಬ್ಯಾಟರಿ ಸ್ಕೂಟರ್ ಸಾಕು. ಇಲ್ಲಿ ಮನೆಮನೆಯಲ್ಲೂ ಲ್ಯಾಕರ್ ಕೆಲಸ, ಅಂದರೆ ಪಾತ್ರೆಗಳಿಗೆ ಮೆರುಗಿನ ಲೇಪ ಹಚ್ಚುವುದು. ನಮ್ಮ ಚನ್ನಪಟ್ಟಣದ ಬೊಂಬೆಗೆ ಹಚ್ಚುವುದು ಅರಗು, ಅದು ಹುಳದಿಂದ ಬರುತ್ತದೆ. ಇಲ್ಲಿನದು ಥಿಟ್ಸಿ ಎಂಬ ಮರದ ರಸ. ಗಾಳಿಗೆ ಬಿದ್ದರೆ ಕಪ್ಪಾಗುತ್ತದೆ. ಹಸಿ ರಸ ಮುಟ್ಟಬೇಡಿ, ಚರ್ಮಕ್ಕೆ ತುರಿಕೆ ಬರಬಹುದು.

ಮೊದಲು ಬಿದಿರಿನ ಸೀಳುಗಳಿಂದ ಬಟ್ಟಲು ಕಟ್ಟುತ್ತಾರೆ. ನಾಜೂಕಾದವಕ್ಕೆ ಕುದುರೆ ಕೂದಲನ್ನೂ ಹೆಣೆಯುತ್ತಾರೆ. ಅಂಥ ಲೋಟದ ಬಾಯನ್ನು ಎರಡು ಬೆರಳಲ್ಲಿ ಒತ್ತಿದರೆ ಎರಡೂ ಅಂಚು ಮುಟ್ಟುತ್ತವೆ, ಬಿಟ್ಟರೆ ಮತ್ತೆ ದುಂಡಗಾಗುತ್ತದೆ! ಆಮೇಲೆ ರಸಕ್ಕೆ ಬೂದಿ ಕಲಸಿ ಬಳಿದು, ಉಜ್ಜಿ, ಮತ್ತೆ ಬಳಿಯುತ್ತಾರೆ. ಪ್ರತಿ ಪದರವೂ ನೆಲಮಾಳಿಗೆಯಲ್ಲಿ ದಿನಗಟ್ಟಲೆ ಇರಬೇಕು. ಬಿಸಿಲಲ್ಲಿ ಯಾಕೆ ಒಣಗಿಸಲ್ಲ ಅಂತ ನಾನು ಕೇಳಿದೆ. ಈ ರಸ ಗಟ್ಟಿಯಾಗುವುದಕ್ಕೆ ತೇವದ ಗಾಳಿಯೇ ಬೇಕಂತೆ. ಒಳ್ಳೆಯ ಬಟ್ಟಲೊಂದು ಮುಗಿಯಲು ತಿಂಗಳುಗಳೇ ಹಿಡಿಯುವುದು ಇದಕ್ಕೇ.

ಕೆತ್ತನೆ ಮುಂದೆ ಸುಮ್ನೆ ಕೂತು ನೋಡಿ. ಮೊದಲೇ ಗೆರೆ ಹಾಕಿಕೊಳ್ಳದೆ, ಕಬ್ಬಿಣದ ಮೊನೆಯಿಂದ ನೇರ ಗೀರುತ್ತಾರೆ. ಗೀರಿಗೆ ಒಂದು ಬಣ್ಣ ತುಂಬಿ, ಒರೆಸಿ, ಮೇಲೆ ಅಂಟು ಬಳಿದು ಭದ್ರ ಮಾಡುತ್ತಾರೆ. ಆಮೇಲೆ ಇನ್ನೊಂದು ಬಣ್ಣಕ್ಕೆ ಮತ್ತೆ ಗೀರು. ಕೊಳ್ಳುವಾಗ ಇದೇ ನೆನಪಿರಲಿ. ಗೆರೆ ಸಣ್ಣದಾಗಿದೆಯಾ, ಒಳಮೈ ನಯವಾಗಿದೆಯಾ ನೋಡಿ. ತೀರಾ ಅಗ್ಗದ್ದು ಅಂದರೆ ಪದರ ಕಡಿಮೆ. ನಾಲ್ಕು ಅಗ್ಗದವಕ್ಕಿಂತ ಒಂದು ಒಳ್ಳೆಯ ಎಲೆಅಡಿಕೆ ಡಬ್ಬಿ ಮೇಲು. ಬರ್ಮಾದವರೂ ನಮ್ಮ ಹಾಗೆ ಎಲೆಅಡಿಕೆ ಪ್ರಿಯರು ಅಲ್ವಾ! ಅಂಗಡಿಯಲ್ಲಲ್ಲದೆ ಕಾರ್ಖಾನೆಯಲ್ಲೇ ಕೊಂಡರೆ ಮಾಡಿದವರ ಎದುರೇ ಮಾತಾಡಬಹುದು. ಜಾಸ್ತಿ ಚೌಕಾಸಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಅದೇ ಹಳ್ಳಿಯಲ್ಲಿ ಗುಬ್ಯೌಕ್‌ಜಿ ಗುಡಿ ಇದೆ. ರಾಜಕುಮಾರ ಎಂಬ ಅರಸುಮಗ 1113ರ ಸುಮಾರಿಗೆ ಕಟ್ಟಿಸಿದ್ದು. ಒಳಗೆ ಬುದ್ಧನ ಹಿಂದಿನ ಜನ್ಮಗಳ ಜಾತಕ ಕತೆಗಳ ಚಿತ್ರಗಳಿವೆ. ಕತ್ತಲೆ, ಟಾರ್ಚ್ ಇರಲಿ. ಫೋಟೊ ತೆಗೆಯುವಂತಿಲ್ಲ. ಪಕ್ಕದ ಮ್ಯಾಜೇಡಿ ಶಾಸನ ಒಂದೇ ವಿಷಯವನ್ನು ಪ್ಯೂ, ಮೋನ್, ಬರ್ಮೀ, ಪಾಳಿ ನಾಲ್ಕು ಭಾಷೆಗಳಲ್ಲೂ ಹೇಳುತ್ತದೆ. ಕಳೆದೇಹೋಗಿದ್ದ ಪ್ಯೂ ಭಾಷೆಯನ್ನು ಓದಲು ವಿದ್ವಾಂಸರಿಗೆ ದಾರಿಯಾದದ್ದು ಇದೇ.

ನನ್ನ ಮೈ ಜುಮ್ಮೆನಿಸಿದ್ದು ಇನ್ನೊಂದು ಶಾಸನದ ವಿಚಾರ. ಈ ಹಳ್ಳಿಯ ಬಳಿಯೇ 13ನೇ ಶತಮಾನದ ಸಂಸ್ಕೃತ–ತಮಿಳು ಶಾಸನವೊಂದು ಸಿಕ್ಕಿತ್ತು. ಅದರಲ್ಲಿ ಬರುವ ವಿಷ್ಣು ಗುಡಿಗೆ ನಾನಾದೇಶಿ ವರ್ತಕರ ಹೆಸರಿದೆ. ನಮ್ಮ ಐಹೊಳೆಯ ಐನೂರ್ವರು ಎಂಬ ವರ್ತಕ ಸಂಘದ ಶಾಸನಗಳಲ್ಲೂ ಇದೇ ನಾನಾದೇಶಿ ಹೆಸರು ಬರುತ್ತದೆ. ಅಷ್ಟು ದೂರ ನಮ್ಮ ಕಡೆಯ ವ್ಯಾಪಾರದ ನಂಟು ಚಾಚಿತ್ತು!

ಮಧ್ಯಾಹ್ನ ನೆಲ ಸುಡುತ್ತದೆ. ಗುಡಿಗಳಲ್ಲಿ ಚಪ್ಪಲಿ, ಕಾಲುಚೀಲ ಎರಡನ್ನೂ ಬಿಚ್ಚಬೇಕು. ಅದಕ್ಕೇ ಆ ಹೊತ್ತು ಊಟಕ್ಕೆ ಇಟ್ಟುಕೊಳ್ಳಿ. ಸಸ್ಯಾಹಾರಿಗಳು ಎಚ್ಚರ: ತರಕಾರಿ ಪಲ್ಯಕ್ಕೂ ಮೀನಿನ ಸಾಸ್, ಟೀ ಎಲೆ ಸಲಾಡ್‌ಗೂ ಒಣ ಸಿಗಡಿ ಹಾಕುವುದುಂಟು. ಮೊದಲೇ ಬಿಡಿಸಿ ಹೇಳಿ.

ಬಿಸಿಲು ಇಳಿದ ಮೇಲೆ ಹೊಳೆ ಕಡೆ. ಹಳೆ ಬಗಾನ್‌ನ ಬೂಪಯಾ ಸ್ತೂಪ ಸೋರೆಕಾಯಿ ಆಕಾರದ್ದು. 1975ರ ಭೂಕಂಪದಲ್ಲಿ ಒಡೆದು ನದಿಗೇ ಬಿದ್ದಿತ್ತು. ಈಗಿರುವುದು ಮತ್ತೆ ಕಟ್ಟಿದ್ದು. ತೆಂಕಣಕ್ಕೆ ಲೋಕನಂದ ಸ್ತೂಪದ ಬಳಿ ಹಿಂದೆ ಅರಕಾನ್, ಲಂಕೆಯ ಹಡಗುಗಳು ಬಂದು ನಿಲ್ಲುತ್ತಿದ್ದವಂತೆ. ಸೂರ್ಯಾಸ್ತಕ್ಕೆ ಗುಡಿ ಹತ್ತಲು ಈಗ ಬಿಡುವುದಿಲ್ಲ. ಬದಲಿಗೆ ದೋಣಿ ಮಾಡಿ. ಬೆಲೆಯನ್ನೂ ಹೊತ್ತನ್ನೂ ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಬೇಸಿಗೆಯಲ್ಲಿ ನೀರು ಇಳಿದು ಮರಳು ದಿಬ್ಬಗಳು ಏಳುತ್ತವೆ. ಆಗ ಸುತ್ತು ಚಿಕ್ಕದಾಗಬಹುದು.

ವಾಪಸ್ ಬರುವಾಗ ಅಡ್ಡದಾರಿ ಬಿಟ್ಟು ಡಾಂಬರು ರಸ್ತೆಯಲ್ಲೇ ಬನ್ನಿ. ಮರಳಲ್ಲಿ ಸ್ಕೂಟರ್ ಜಾರುತ್ತದೆ, ಬೀದಿದೀಪವೂ ಕಡಿಮೆ. ಬ್ಯಾಟರಿ ಅರ್ಧಕ್ಕೆ ಇಳಿದಿದ್ದರೆ ಮಧ್ಯಾಹ್ನವೇ ಗಾಡಿ ಬದಲಿಸಿಕೊಂಡಿರಿ.