ಗ್ಯಾಲರಿ ತೋಟದ ಏಳು ತಿಂಗಳ ಲೆಕ್ಕ: ಬೆಂಡಿಕಾಯಿ ಸೋತಿತು, ಪುಂಡಿ ಗೆದ್ದಿತು

ಲೆಕ್ಕದ ವಹಿ ಮುಂದಿಟ್ಟುಕೊಂಡು ಕೂತೀನಿ. ಮಗಳ ಹಳೇ ಮ್ಯಾಥ್ಸ್ ನೋಟ್‌ಬುಕ್ಕಿನ ಉಳಿದ ಹಾಳಿ ಹರಿದು ಹೊಲಿದ ವಹಿ, ಅದಕ್ಕೇನೂ ರೊಕ್ಕ ಹಾಕಿಲ್ಲ. ನಾವು ಪುಣೆಯಾಗ ಸಿಂಹಗಡ ರೋಡಿನ ಕಡೆ ಮೂರನೇ ಮಜಲಿನ್ಯಾಗ ಇರೋದು, ತವರು ಧಾರವಾಡ, ಅತ್ತಿ ಮನಿ ವಿಜಯಪುರದ ಹತ್ರ ಒಂದು ಹಳ್ಳಿ. ಗ್ಯಾಲರಿ (ಬಾಲ್ಕನಿ) ಅಂದ್ರ 11 ಫೂಟ್ ಉದ್ದ, 4 ಫೂಟ್ ಅಗಲ, ಅದರಾಗ ವಾಷಿಂಗ್ ಮಷೀನ್ ಒಂದು ಮೂಲಿ ಹಿಡಿದದ. ಪೂರ್ವಕ್ಕ ಮುಖ, ಮುಂಜಾನೆ ಏಳರಿಂದ ಹನ್ನೊಂದರ ತನಕ ಬಿಸಿಲು, ಆಮ್ಯಾಲೆ ಇಡೀ ದಿನ ನೆರಳು. ಈ ನಾಕು ತಾಸಿನ ಮಾತು ನೆನಪಿರಲಿ, ನನಗ ಅದು ತಲಿಗೆ ಹತ್ತಲಿಕ್ಕೆ ನಾಕು ತಿಂಗಳು ಬೇಕಾತು.

ಶುರುವಾಗಿದ್ದು ಹಿಂಗ. 2025ರ ಮೇ ತಿಂಗಳದಾಗ ಬರೇ ಕಾಯಿಪಲ್ಯಕ್ಕ 3,200 ರೂಪಾಯಿ ಹೋತು, ಮೂರು ಮಂದಿ ಮನಿಗೆ. ಎಲ್ಲಿ ಹೋಗ್ತದ ನೋಡೋಣು ಅಂತ ಒಂದು ವಾರ ಕಸದ ಡಬ್ಬಿಗೆ ಹಾಕೋಕಿಂತ ಮೊದಲ ಎಲ್ಲಾ ತೂಗಿದೆ, ಅಡಗಿಮನಿ ತಕ್ಕಡಿ ಮ್ಯಾಲೆ ಹಳೇ ತಾಟು ಇಟ್ಟು, ನಮ್ಮವರು ನೋಡಿ ನಕ್ಕರು. 2 ಕಿಲೋ 300 ಗ್ರಾಂ ಬಂತು. ಅದರಾಗ ಸಿಪ್ಪಿ ಎಷ್ಟೋ ಇತ್ತು ಖರೆ, ಆದ್ರ ಫ್ರಿಜ್ಜಿನ್ಯಾಗ ಕರ್ರಗಾಗಿ ನೀರು ಬಿಟ್ಟ ಕೋತಂಬ್ರಿ ಒಂದೂವರಿ ಸೂಡು, ಎಲಿ ಹಳದಿ ಆದ ಮೆಂತೆ, ಅರ್ಧ ಪಾಲಕ, ಇವು ನೋಡಿ ಹೊಟ್ಟಿ ಉರೀತು. ಸೂಡು ತಗೊಂಡ್ರ ಪೂರಾ ಸೂಡ ತಗೋಬೇಕು, ಸಾರಿಗೆ ಬೇಕಾಗಿದ್ದು ನಾಕು ಕಡ್ಡಿ. ಅಂದ್ರ ನಮ್ಮನಿಯಾಗ ರೊಕ್ಕ ಸೋರೋ ತೂತು ತಪ್ಪಲಪಲ್ಯದಾಗ ಇತ್ತು. ಇಷ್ಟು ಕಣ್ಣಿಗೆ ಕಂಡ ಮ್ಯಾಲೂ ನಾನು ತಪ್ಪಲು ಬಿಟ್ಟು ಬೆಂಡಿಕಾಯಿ ಹಚ್ಚಲಿಕ್ಕೆ ಹೋದೆ ನೋಡ್ರಿ.

ಜೂನ್ 1. ಸೊಸೈಟಿ ಹಿಂದ ಬಣ್ಣದ ಕೆಲಸ ನಡೆದಿತ್ತು, 20 ಲೀಟರಿನ ಖಾಲಿ ಡಬ್ಬಿ 30 ರೂಪಾಯಿಗೆ ಒಂದರಂಗ ಆರು ತಗೊಂಡೆ, 180. ನರ್ಸರಿಯಿಂದ ಕೆಂಪು ಮಣ್ಣು ಎರಡು ಚೀಲ 240, ಶೇಣಖತ ಅಂತಾರಲ್ಲ, ಸಗಣಿ ಗೊಬ್ಬರ, ಒಂದು ಚೀಲ 150, ಕೋಕೋಪೀಟ್, ಅಂದ್ರ ಟೆಂಗಿನ ನಾರಿನ ಪುಡಿ, 5 ಕಿಲೋದ ಇಟ್ಟಂಗಿ 220, ಬೀಜ 140, ಬೇವಿನ ಎಣ್ಣಿ 90. ಒಟ್ಟು 1,020. ಡಬ್ಬಿ ತೊಳೀಲಿಕ್ಕೆ ಒಂದು ಇಡೀ ರವಿವಾರ ಹೋತು, ಒಳಗಿನ ಬಣ್ಣ ಒಣಗಿ ಸಾಲಿಗ್ರಾಮದಂಗ ಗಟ್ಟಿ ಆಗಿತ್ತು. ಕೋಕೋಪೀಟ್ ಇಟ್ಟಂಗಿ ಟಬ್ಬಿನ್ಯಾಗಿಟ್ಟು ನೀರು ಹಾಕಿದ್ರ ಉಬ್ಬಿ ಉಬ್ಬಿ ಟಬ್ ತುಂಬಿ ಹೊರಗ ಬಂತು, ಇಷ್ಟು ಆಗ್ತದಂತ ಯಾರೂ ಹೇಳಿದ್ದಿಲ್ಲ. ಎರಡು ಡಬ್ಬಿಗೆ ಬೆಂಡಿ, ಒಂದಕ್ಕ ಟೊಮ್ಯಾಟೊ, ಒಂದಕ್ಕ ಮೆಣಸಿನಕಾಯಿ. ಉಳಿದ ಎರಡರಾಗ ಒಂದಕ್ಕ ಅತ್ತಿ ಕಳಿಸಿದ ಪುಂಡಿ (ಹುಳಿ ತಪ್ಪಲಪಲ್ಯ) ಬೀಜ, ಇನ್ನೊಂದಕ್ಕ ಪಾಲಕ. ಮನಿಯಾಗ ಒಡದ ಎರಡು ಅಗಲ ಟಬ್ ಇದ್ದವು, ಅವು ಖಾಲಿ ಯಾಕಿರಬೇಕಂತ ಮಸಾಲಿ ಡಬ್ಬಿಯಿಂದ ಎರಡು ಚಮಚ ಮೆಂತೆಕಾಳು, ಒಂದು ಹಿಡಿ ಧನಿಯಾ ತಗದು ಚೆಲ್ಲಿದೆ.

ಆ ಸಲ ಮಳಿ ಮೇ ಕೊನೀಗೇ ಬಂದುಬಿಟ್ಟಿತ್ತು, ಜೂನ್ ಅಂದ್ರ ಎಲ್ಲಾ ತೊಯ್ದು ತಪ್ಪಡಿ. ಮೂರನೇ ದಿನ ಬೆಲ್ ಬಾರಿಸಿದ್ರು, ಬಾಗಿಲು ತಗದ್ರ ಕೆಳಗಿನ ಮನಿ ಕಾಕು ಕೈಯಾಗ ಬಿಳಿ ಸೀರಿ ಹಿಡ್ಕೊಂಡು ನಿಂತಾರ, ಸೆರಗಿನ ಮ್ಯಾಲೆ ಕೆಂಪು ಮಣ್ಣಿನ ಹನಿ ಸಾಲಾಗಿ. ಬೈಲಿಲ್ಲ ಪಾಪ, ಬರೇ ಸೀರಿ ತೋರಿಸಿದ್ರು, ಅದ ಜಾಸ್ತಿ ಆತು. ಸೀರಿ ನಾನ ಒಗದು ಇಸ್ತ್ರಿ ಮಾಡಿ ಕೊಟ್ಟೆ. ಆಮ್ಯಾಲೆ ಡಬ್ಬಿ ತಳದ ತೂತೆಲ್ಲಾ ಎಂ-ಸೀಲ್ ಹಚ್ಚಿ ಮುಚ್ಚಿ, ಪಕ್ಕದಾಗ ತಳದಿಂದ ಎರಡು ಬಟ್ಟು ಮ್ಯಾಲೆ ಹೊಸ ತೂತು ಹಾಕಿದೆ, ಕೆಳಗ ಟೆಂಗಿನ ಗುಂಜು, ಅದರ ಮ್ಯಾಲೆ ಮಣ್ಣು. ಈಗ ಎರಡು ಬಟ್ಟಿನಷ್ಟು ನೀರು ತಳದಾಗ ನಿಂತು ಬೇರಿಗೆ ಸಿಗ್ತದ, ಹೆಚ್ಚಾಗಿದ್ದು ಪಕ್ಕದಿಂದ ಬರ್ತದ, ಆ ಕಡೆ ಡಬ್ಬಿ ಮುಚ್ಚಳ ಇಟ್ಟೀನಿ. ಮುಚ್ಚಳದಾಗಿನ ನೀರು ದಿನಾ ಚೆಲ್ಲಬೇಕು, ಇಲ್ಲಂದ್ರ ಸೊಳ್ಳಿ. ಗುರುವಾರ ನೀರು ಬಂದ್ ಇದ್ದಾಗ ಈ ತಳದ ನೀರು ಭಾಳ ಕೆಲಸಕ್ಕ ಬಂತು.

ಜುಲೈ. ಪಾರಿವಾಳ. ಪುಣೆಯಾಗ ಗ್ಯಾಲರಿ ಇದ್ದವರಿಗೆ ಇದನ್ನ ಬಿಡಿಸಿ ಹೇಳೋದೇನೂ ಇಲ್ಲ. ಮೆಂತೆ ಎರಡೆಲಿ ಬಿಟ್ಟ ದಿನ ಮುಂಜಾನೆ ಎದ್ದು ನೋಡಿದ್ರ ಟಬ್ಬಿನ್ಯಾಗ ಬರೇ ಮಣ್ಣು, ಮ್ಯಾಲೊಂದು ಗರಿ. ಹಳೇ ಸೀಡಿ ಕಟ್ಟಿದೆ, ಎರಡು ದಿನ ಹೆದರಿದ್ವು, ಮೂರನೇ ದಿನ ಸೀಡಿ ಮುಂದ ನಿಂತು ಮುಖ ನೋಡ್ಕೊಳ್ಳಿಕ್ಕೆ ಹತ್ತಿದ್ವು. ಕೊನೀಗೆ ನೈಲಾನ್ ಬಲಿ 350 ರೂಪಾಯಿ. ಬಂಡವಾಳ 1,370 ಆತು.

ಕಾಂಪೋಸ್ಟ್ ಬಗ್ಗೆನೂ ಇಲ್ಲೇ ಬರದುಬಿಡ್ತೀನಿ, ಯಾಕಂದ್ರ ಜುಲೈದಾಗ ಮನಿಯಾಗ ಜಗಳ ಆಗಿದ್ದು ಅದರ ಸಲುವಾಗಿ. ಮನಿಯಾಗಿದ್ದ ಹಳೇ ಬಕೀಟಿಗೆ ತೂತು ಹಾಕಿ ದಿನದ ಸಿಪ್ಪಿ, ಚಹಾಪುಡಿ ಹಾಕ್ತಿದ್ದೆ, ಹದಿನೈದು ದಿನಕ್ಕ ವಾಸನಿ ಎದ್ದಿತು, ಮುಚ್ಚಳ ತಗದ್ರ ಬೂದಿ ಬಣ್ಣದ ಹುಳ ಪಿತಿಪಿತಿ. ನಮ್ಮವರು “ಇದು ಇರಬೇಕು ಇಲ್ಲಾ ನಾ ಇರಬೇಕು” ಅಂದ್ರು. ಹುಳದ್ದೇನೂ ತಪ್ಪಿದ್ದಿಲ್ಲ, ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನೋ ನೊಣದ ಮರಿ, ಕಸ ತಿಂದು ಗೊಬ್ಬರ ಮಾಡ್ತಾವ, ಅಡಗಿಮನಿಗೆ ಬರೋ ನೊಣ ಅಲ್ಲ. ವಾಸನಿ ಬಂದದ್ದು ನನ್ನ ತಪ್ಪಿಗೆ, ಹಸಿ ಹಾಕ್ತಾ ಹೋದೆ, ಒಣದು ಹಾಕಲೇ ಇಲ್ಲ, ಒಳಗ ಗಾಳಿ ಆಡಲಿಲ್ಲ. ರಸ್ತೆ ಕಡಿಗೆ ಬಿದ್ದ ಒಣ ಎಲಿ ಒಂದು ಚೀಲ ತಂದು ಒಂದು ಬಟ್ಟಲ ಹಸಿ ಕಸಕ್ಕ ಎರಡು ಬಟ್ಟಲ ಒಣ ಎಲಿ ಅಂತ ಹಾಕಿದೆ, ನಾಕ ದಿನಕ್ಕ ವಾಸನಿ ಹೋತು, ನಮ್ಮವರೂ ಇದ್ದಾರ.

ಆಮ್ಯಾಲೆ ಬ್ಯಾರೆ ತೊಂದರಿ ಬಂತು. ಬಕೀಟಿಗೆ ಹಾಕಲಿಕ್ಕೆ ಸಿಪ್ಪಿನೇ ಉಳಿಯವಲ್ದು! ಕಸ ತೂಗಿದ ಮ್ಯಾಲೆ ನನಗ ಸಿಪ್ಪಿ ಹುಚ್ಚು ಹಿಡಿದಿತ್ತು. ಹೀರಿಕಾಯಿ ಸಿಪ್ಪಿ, ಒಂದಿಷ್ಟು ಶೇಂಗಾ, ಹಸಿಮೆಣಸಿನಕಾಯಿ, ಬಳ್ಳೊಳ್ಳಿ ಎಣ್ಣಿಯಾಗ ಹುರದು ಹುಣಸಿಹಣ್ಣು ಹಾಕಿ ರುಬ್ಬಿದ್ರ ಎರಡು ದಿನದ ಚಟ್ನಿ. ಮೂಲಂಗಿ ಎಲಿ ಹೆಚ್ಚಿ ಝುಣಕಕ್ಕ, ಹೂಕೋಸಿನ ದಂಟು ಸಾಂಬಾರಿಗೆ, ಕೋತಂಬ್ರಿ ದಂಟು ಕಟ್ಟಿ ಸಾರು ಕುದಿಯೋವಾಗ ಹಾಕಿ ಆಮ್ಯಾಲೆ ತಗದುಬಿಡೋದು. ಮಗಳು ಮಾತ್ರ ಕಲ್ಲಂಗಡಿ ಬಿಳಿ ಭಾಗದ ಪಲ್ಯಕ್ಕ ಕೈ ಮುಗದ್ಲು, “ಅಮ್ಮಾ, ಇದು ಉಳಿತಾಯ ಅಲ್ಲ, ಶಿಕ್ಷಾ” ಅಂದ್ಲು, ಆ ಪಲ್ಯ ಬಿಟ್ಟೆ.

ಆಗಸ್ಟ್, ಸೆಪ್ಟೆಂಬರ್. ಬೆಂಡಿ ಮೊದಲನೇ ಕಾಯಿ ಬಿಟ್ಟಿದ್ದು ಬಿತ್ತಿದ 58ನೇ ದಿನ. ಫೋಟೋ ತಗದು ತವರಿಗೆ ಕಳಿಸಿದ್ದೆ, ಒಂದ ಕಾಯಿದು! ಎರಡು ಡಬ್ಬಿ, ನಾಕು ಗಿಡ, ಎರಡು ದಿನಕ್ಕೊಮ್ಮೆ ಎರಡೋ ಮೂರೋ ಕಾಯಿ. ಎರಡು ಬೆಂಡಿಕಾಯಿದು ಏನು ಪಲ್ಯ ಮಾಡ್ತೀರಿ? ಕೂಡಿಸಿ ಇಟ್ರ ಮೊದಲನೇವು ಬಲಿತು ನಾರು ಆಗ್ತಾವ. ಅದರ ಮ್ಯಾಲೆ ಹಿಟ್ಟು ಹುಳ ಬಂತು, ಎಲಿ ಹಿಂದ ಹತ್ತಿ ಅಂಟಿಸಿದಂಗ, ಇರಿವಿ ಅದನ್ನ ಗಿಡದಿಂದ ಗಿಡಕ್ಕ ಹೊತ್ಕೊಂಡು ಅಡ್ಡಾಡ್ತಾವ, ಹುಳ ಬಿಡೋ ಸಿಹಿ ಅಂಟಿನ ಆಸೆಗೆ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣಿ, ನಾಕು ಹನಿ ಭಾಂಡಿ ತಿಕ್ಕೋ ಲಿಕ್ವಿಡ್, ಸಂಜೀಕ ಹೊಡದೆ, ವಾರಕ್ಕೊಮ್ಮೆ ಮೂರು ಸಲ. ಮೆಣಸಿನಗಿಡ ಉಳೀತು, ಬೆಂಡಿ ಸೊರಗಿತು. ಟೊಮ್ಯಾಟೊ ಆಳೆತ್ತರ ಬೆಳದು ಹೂವು ಬಿಟ್ಟು ಬಿಟ್ಟು ಉದುರಿಸ್ತು. ಬೆಂಡಿಗೂ ಟೊಮ್ಯಾಟೋಗೂ ಆರು ತಾಸಿನ ಮ್ಯಾಲೆ ಬಿಸಿಲು ಬೇಕು, ನನ್ನ ಹತ್ರ ಇರೋದು ನಾಕು, ಅದೂ ಮೋಡ ಇಲ್ಲದ ದಿನ. ಗೊಬ್ಬರ ಹಾಕಿದ್ರ ಬಿಸಿಲು ಬರಂಗಿಲ್ಲ. ಕಾಯಿ ಬಿಡೋ ಗಿಡಕ್ಕ ಸಾಲದ ಬಿಸಿಲು ಎಲಿ ಬಿಡೋ ಗಿಡಕ್ಕ ಸಾಕಾಗ್ತದ ಅನ್ನೋದು ನನಗ ತಿಳಿದಿದ್ದು ಪುಂಡಿ ನೋಡಿ.

ಪುಂಡಿ ಕಡೆ ನಾ ಲಕ್ಷ್ಯ ಕೊಟ್ಟಿದ್ದಿಲ್ಲ. ಪುಣೆಯಾಗ ಇದಕ್ಕ ಅಂಬಾಡಿ ಅಂತಾರ, ಮದುವಿಯಾಗಿ ಬಂದ ಮೊದಲ ವರ್ಷ ಮಂಡಈಯಾಗ, ಅಂದ್ರ ಕಾಯಿಪಲ್ಯದ ಪ್ಯಾಟ್ಯಾಗ, “ಪುಂಡಿ, ಪುಂಡಿ” ಅಂತ ಕೇಳ್ತಾ ಅಡ್ಡಾಡಿ ಕೈ ಬೀಸ್ಕೋತ ಮನಿಗೆ ಬಂದಿದ್ದೆ. ಹೊಸದಾಗಿ ಬಂದವರು ಯಾರರ ಇದ್ರ ಬರಕೊಳ್ರಿ, ಪುಂಡಿಗೆ ಅಂಬಾಡಿ, ಸಬ್ಬಸಗಿಗೆ ಶೇಪು, ಕುಸುಬಿ ತಪ್ಪಲಕ್ಕ ಕರಡಈ, ಚಕ್ಕೋತ ತಪ್ಪಲಕ್ಕ ಚಾಕವತ, ಗೋಳಿ ಪಲ್ಯಕ್ಕ ಘೋಳ. ಡಬ್ಬಿಯಾಗಿನ ಪುಂಡಿ ಮೊಣಕಾಲೆತ್ತರ ಬಂದಾಗ ತುದಿ ಚಿವುಟಿದೆ, ಚಿವುಟಿದಲ್ಲೆಲ್ಲಾ ಎರಡೆರಡು ಟೊಂಗಿ ಒಡೀತು, ಹತ್ತು ದಿನಕ್ಕ ಮತ್ತ ಪಲ್ಯಕ್ಕಾಗೋವಷ್ಟು ಎಲಿ. ಹುಳ ಹತ್ತಿದ್ರೂ ಅದಕ್ಕ ಖಬರಿಲ್ಲ.

ಮೊದಲ ಸಲ ಮಾಡಿದ ದಿನ ನೆನಪದ, ಹೊರಗ ಧೋ ಮಳಿ. ಎಲಿ ಬಿಡಿಸಿ ತೊಳದು ಸ್ಟೀಲ್ ಪಾತೇಲ್ಯಾಗ ಕುದಿಸಿದೆ (ಕಲಾಯಿ ಇಲ್ಲದ ಹಿತ್ತಾಳಿಗೆ, ಅಲ್ಯುಮಿನಿಯಂಗೆ ಹುಳಿ ಸೇರಂಗಿಲ್ಲ), ಹಸಿರು ಬಣ್ಣ ಹೋಗಿ ಕಂದು ತಿರುಗಿದ ಕೂಡ್ಲೆ ನೀರು ಬಸಿದು ಹಿಂಡಿದೆ. ಅದಕ್ಕ ಬೆಂದ ಕಡ್ಲಿಬ್ಯಾಳಿ ಒಂದು ಹಿಡಿ, ಜೋಳದ ನುಚ್ಚು ಎರಡು ಹಿಡಿ, ಕಲ್ಲಿನ್ಯಾಗ ಜಜ್ಜಿದ ಹಸಿಮೆಣಸಿನಕಾಯಿ, ಅರಿಷಿಣ, ಉಪ್ಪು, ನೀರು, ಸೌಟಿನಿಂದ ಮಸೀತಾ ಮಸೀತಾ ಕುದಿಸೋದು, ನುಚ್ಚು ಅರಳಿ ಪಲ್ಯ ಸೌಟಿಗೆ ಅಂಟಬೇಕು. ಮ್ಯಾಲೆ ಬಳ್ಳೊಳ್ಳಿ ಎಸಳು ಪೂರಾ ಕೆಂಪಗಾಗೋತನಕ ಕಾಯಿಸಿದ ಒಗ್ಗರಣಿ. ಇದರಾಗ ಎಣ್ಣಿ ಉಳಿಸಲಿಕ್ಕೆ ಹೋಗಬ್ಯಾಡ್ರಿ, ಎಲ್ಲಾ ಕಡೆ ಉಳಿಸ್ರಿ, ಪುಂಡಿ ಒಗ್ಗರಣಿಯಾಗ ಬ್ಯಾಡ. ಬಿಸಿ ರೊಟ್ಟಿ ಜೋಡಿ ಉಂಡು, ಉಳಿದಿದ್ದು ಮರದಿನ ಇನ್ನೂ ರುಚಿ. ಒಂದು ವಾಟಗಾ ಕಾಕುಗೆ ಕೊಟ್ಟೆ, ಅವರು ಅಂಬಾಡಿ ಭಾಜಿಗೆ ಅಕ್ಕಿ ಕಣಿ ಹಾಕ್ತಾರಂತ, ಈಗ ಪುಂಡಿ ಕೊಯ್ಯೋ ದಿನ ಅವರ ವಾಟಗಾ ಮೊದಲ ಮ್ಯಾಲೆ ಬರ್ತದ.

ಅಕ್ಟೋಬರಿನ್ಯಾಗ ಎರಡೂ ಬೆಂಡಿ ಡಬ್ಬಿ ಖಾಲಿ ಮಾಡಿ ಮೆಂತೆ ಹಾಕಿದೆ. ಕಾಳು ರಾತ್ರಿ ನೆನಸಿಟ್ಟು ಚೆಲ್ಲಿದ್ರ ಮೂರ್ನಾಕು ದಿನಕ್ಕ ಮೊಳಕಿ, 25 ದಿನಕ್ಕ ಕೊಯ್ಲು. ಕೋತಂಬ್ರಿ ಮಾತ್ರ ಮೊದಲೆರಡು ಸಲ ಹುಟ್ಟಲೇ ಇಲ್ಲ, ಇಡೀ ಕಾಳು ಹಾಕಿದ್ದೆ. ಒಂದು ಧನಿಯಾ ಕಾಳಿನ್ಯಾಗ ಎರಡು ಬೀಜ ಇರ್ತಾವ, ಲಟ್ಟಣಿಗಿಯಿಂದ ಮೆಲ್ಲಕ ಒತ್ತಿ ಎರಡು ಹೋಳು ಮಾಡಿ ನೆನಸಿ ಹಾಕಿದ್ರ ಹತ್ತು ದಿನಕ್ಕ ಹುಟ್ಟಿತು. ಬೇರು ಬಿಟ್ಟು ಬೇಕಾದಷ್ಟ ಕತ್ತರಿಸ್ತೀನಿ, ನಾಕು ಕಡ್ಡಿ ಬೇಕಂದ್ರ ನಾಕ ಕಡ್ಡಿ. ಫ್ರಿಜ್ಜಿನ್ಯಾಗ ಕೊಳಿಯೋದು ಮುಗೀತು. ಪುಣೆ ಥಂಡಿ ಬಿದ್ದ ಮ್ಯಾಲಂತೂ ಇವೆರಡೂ ಭಾಳ ಛಲೋ ಬರ್ಲಿಕ್ಕೆ ಹತ್ಯಾವ. ಪುಂಡಿ ನವೆಂಬರಿನ್ಯಾಗ ಹೂವು ಬಿಡ್ತು, ಹಗಲು ಸಣ್ಣ ಆದ ಮ್ಯಾಲೆ ಅದರ ಸ್ವಭಾವನೇ ಅದು. ಉಳಿದ ಎಲಿ ಬಿಡಿಸಿ ನೆರಳಿನ್ಯಾಗ ಒಣಗಿಸಿಟ್ಟು, ಎರಡು ಗಿಡ ಬೀಜಕ್ಕ ಬಿಟ್ಟೆ.

ಡಿಸೆಂಬರ್ 19, ಎಳ್ಳಮಾಸಿ, ಹೊಲಕ್ಕ ಹೋಗಿ ಭೂಮಿತಾಯಿಗೆ ಚರಗ (ನೈವೇದ್ಯ) ಚೆಲ್ಲೋ ಹಬ್ಬ. ಅತ್ತಿ ಬಂದಿದ್ರು. ಹೊಲ ಇಲ್ಲ, ಚರಗ ಎಲ್ಲಿ ಚೆಲ್ಲೋದು? ಸಜ್ಜಿ ಕಡಬು, ಒಣಗಿಸಿಟ್ಟ ಪುಂಡಿ ಪಲ್ಯ, ಭಜ್ಜಿ, ಶೇಂಗಾ ಹೋಳಿಗಿ ಎಲ್ಲಾ ಬುಟ್ಟಿಯಾಗಿಟ್ಕೊಂಡು ಗ್ಯಾಲರಿಗೆ ಬಂದು, ಬಲಿ ಸರಿಸಿ, ಆರೂ ಡಬ್ಬಿಗೆ ಒಂದೊಂದು ತುತ್ತು ಹಾಕಿ “ಹುಲ್ಲುಲ್ಲಿಗೋ” ಅಂತ ಕೂಗಿದ್ರು, ಎದುರಿನ ಬಿಲ್ಡಿಂಗಿನವರು ಕಿಟಕಿ ತಗದು ನೋಡಿದ್ರು. ಬಲಿ ಮತ್ತ ಕಟ್ಟೋದು ಮರತ್ವಿ. ಮಧ್ಯಾಹ್ನ ಊಟ ಮಾಡಿ ಬಂದು ನೋಡಿದ್ರ ಪಾರಿವಾಳ ಚರಗನೂ ತಿಂದು ಒಂದು ಡಬ್ಬಿ ಮೆಂತೆನೂ ತಿಂದು ಹೋಗಿದ್ವು. ಅತ್ತಿ, “ಹೊಲದಾಗೂ ಹಕ್ಕಿನ ತಿಂತಾವಲ್ಲ ತಂಗಿ” ಅಂದ್ರು.

ಡಿಸೆಂಬರ್ 31, ಲೆಕ್ಕ. ನಮ್ಮ ಭಾಜಿವಾಲಿ ದರದಾಗ ಹಿಡಿದೀನಿ. ಬೆಂಡಿಕಾಯಿ ಇಡೀ ಹಂಗಾಮಿಗೆ 1 ಕಿಲೋ 100 ಗ್ರಾಂ, 88 ರೂಪಾಯಿ. ಟೊಮ್ಯಾಟೊ ಏಳ ಏಳು ಹಣ್ಣು, 16 ರೂಪಾಯಿ. ಮೆಣಸಿನಕಾಯಿ 600 ಗ್ರಾಂ, 48. ನಾಕು ಡಬ್ಬಿಯಿಂದ ಬಂದ ಕಾಯಿ 152 ರೂಪಾಯಿದು. ತಪ್ಪಲದ್ದು ನೋಡ್ರಿ: ಪುಂಡಿ 11 ಸಲ 220, ಮೆಂತೆ 9 ಸಲ 180, ಪಾಲಕ 8 ಸಲ 160, ಕೋತಂಬ್ರಿ 14 ಸಲ 210, ಕೂಡಿಸಿ 770. ಎರಡೂ ಸೇರಿ 922. ಹಾಕಿದ್ದು 1,370. ತೋಟ ಇನ್ನೂ 448 ರೂಪಾಯಿ ನನಗ ಕೊಡಬೇಕು. ನಮ್ಮವರಿಗೆ ಇದನ್ನ ತೋರಿಸಿಲ್ಲ, ತೋರಿಸಿದ್ದು ಬ್ಯಾರೆ ಹಾಳಿ, ಡಿಸೆಂಬರಿನ ಕಾಯಿಪಲ್ಯದ ಖರ್ಚು 2,350. ಥಂಡಿಯಾಗ ಕಾಯಿಪಲ್ಯ ಅಗ್ಗ ಇರ್ತದ, ಅದನ್ನೂ ಹಾಳಿ ಮೂಲ್ಯಾಗ ಸಣ್ಣಗ ಬರದೀನಿ. ಉಳಿದದ್ದರಾಗ ತೋಟಕ್ಕಿಂತ ಸಿಪ್ಪಿ ಚಟ್ನಿದು ಮತ್ತ ಕೊಳೀದ ಕೋತಂಬ್ರಿದು ಪಾಲು ಜಾಸ್ತಿ.

ಜನವರಿ 4. ಟೊಮ್ಯಾಟೊ ಗಿಡ ಕಿತ್ತೆ. ಮೆಣಸಿನಗಿಡ ಇರಲಿ, ದಿನಾ ಎರಡು ಕಾಯಿ ಕೊಡ್ತದ, ಎರಡ ಸಾಕು ಅನ್ನೋ ಕಾಯಿ ಅದೊಂದ. ಪುಂಡಿ ಬೀಜ ಬೂದಿಯಾಗ ಕಲಸಿ ಅತ್ತಿ ಹಳೇ ಅರಿವಿಯಾಗ ಗಂಟು ಕಟ್ಟಿ ಕೊಟ್ಟಾರ, ಜೂನಿಗೆ ಮೂರು ಡಬ್ಬಿ ಅದಕ್ಕ. ಪುಂಡಿ ಖಾಲಿ ಮಾಡಿದ ಡಬ್ಬಿಗೆ ಡಿಸೆಂಬರ್ 26ಕ್ಕ ಕುಸುಬಿ ಕಾಳು ಹಾಕಿದ್ದೆ, ಮುಳ್ಳು ಬಲಿಯೋಕಿಂತ ಮೊದಲ ಎಳೇ ಎಲಿ ಕೊಯ್ಯಬೇಕು. ಇವತ್ತ ನೋಡಿದ್ರ ಎರಡೆರಡು ಎಲಿ ಬಿಟ್ಟಾವ. ಬಲಿ ಕಟ್ಟೀನಿ.